ಐರಿಸ್ ಯಾವ ಊರಿಗೆ ಹೋದಳು?

2015ರಲ್ಲಿ ನಾನು ಬೆಂಗಳೂರಿನ ಒಂದು ಪಿಜಿಯಲ್ಲಿದ್ದೆ. ಕೆಲಸ ಹೊಸದು, ಊರು ಹೊಸದು. ರೂಮಿನಲ್ಲಿ ಮೂರು ಜನ. ಮೂವರಿಗೂ ಸೇರಿ ಒಂದು ಹಾರ್ಡ್ ಡಿಸ್ಕ್. ಅದು ಮಹಡಿಯಿಂದ ಮಹಡಿಗೆ ಹೋಗಿ ಬರುವಾಗಲೆಲ್ಲ ಏನಾದರೂ ಹೊಸದನ್ನು ತುಂಬಿಕೊಂಡು ಬರುತ್ತಿತ್ತು. ‘ದಿ ಫ್ಲ್ಯಾಶ್’ ಎಂಬ ಅಮೆರಿಕದ ಟಿವಿ ಸರಣಿ ನನಗೆ ಸಿಕ್ಕಿದ್ದು ಹಾಗೆ.

ಬ್ಯಾರಿ ಆಲೆನ್ ಅಂತ ಒಬ್ಬ ಹುಡುಗ. ಚಿಕ್ಕವನಿದ್ದಾಗಲೇ ಅವನ ತಾಯಿಯ ಕೊಲೆಯಾಗುತ್ತದೆ. ತಪ್ಪು ಮಾಡದ ತಂದೆ ಜೈಲು ಸೇರುತ್ತಾನೆ. ಜೋ ವೆಸ್ಟ್ ಎಂಬ ಪೊಲೀಸ್ ಅಧಿಕಾರಿ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಸಾಕುತ್ತಾನೆ. ಆ ಮನೆಯ ಮಗಳು ಐರಿಸ್. ದೊಡ್ಡವನಾದ ಮೇಲೆ ಬ್ಯಾರಿಗೆ ಮಿಂಚಿನ ವೇಗದಲ್ಲಿ ಓಡುವ ಶಕ್ತಿ ಬರುತ್ತದೆ. ಐರಿಸ್ ಮೇಲಿನ ಪ್ರೀತಿ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ಜೋ ಮತ್ತು ಐರಿಸ್ ಕಪ್ಪು ಜನಾಂಗದವರು. ಬ್ಯಾರಿ ಬಿಳಿಯ.

ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ಹೊದಿಕೆಯೊಳಗೆ ಕೂತು ನೋಡುತ್ತಿದ್ದೆ. ನೋಡಿ ಸಾಕಾಗಲಿಲ್ಲ. ಬರೆಯಲು ಶುರುಮಾಡಿದೆ. ಇದಕ್ಕೆ ಫ್ಯಾನ್‌ಫಿಕ್ಷನ್ ಅನ್ನುತ್ತಾರೆ. ಯಾರದೋ ಕಥೆಯ ಪಾತ್ರಗಳನ್ನು ತೆಗೆದುಕೊಂಡು ನಮಗೆ ಬೇಕಾದ ಹಾಗೆ ಮುಂದುವರಿಸುವುದು. ನನ್ನ ಕಥೆ ಹದಿನಾಲ್ಕು ಅಧ್ಯಾಯ ಆಯಿತು. ಅದರಲ್ಲಿ ಬ್ಯಾರಿ ಮದುವೆಯಾಗಿದ್ದು ಐರಿಸ್‌ಳನ್ನಲ್ಲ. ಅವನ ಜೊತೆ ಲ್ಯಾಬ್‌ನಲ್ಲಿ ಕೆಲಸ ಮಾಡುವ ವಿಜ್ಞಾನಿ ಕೇಟ್ಲಿನ್ ಸ್ನೋಳನ್ನು. ಕೇಟ್ಲಿನ್ ಬಿಳಿಯಳು. ಐರಿಸ್‌ಗೆ ನಾನು ಕೊಟ್ಟಿದ್ದು ಒಂದೇ ಸಾಲು. ‘ಬೇರೆ ಊರಿನ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು, ಐರಿಸ್ ಖುಷಿಯಿಂದಲೇ ಹೋದಳು.’

ಆ ಕಥೆಯನ್ನು ತುಂಬ ಜನ ಓದಿದರು. ಓದಿದವರಲ್ಲಿ ಅಟ್ಲಾಂಟಾದ ಒಬ್ಬ ನರ್ಸ್ ಇದ್ದರು. ಕಪ್ಪು ಹೆಣ್ಣುಮಗಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರನ್ನು ನಾನು ಮನಸ್ಸಿನಲ್ಲಿ ಅಕ್ಕ ಅಂತಲೇ ಕರೆಯುವುದು. ನನ್ನ ಬರವಣಿಗೆ ಚೆನ್ನಾಗಿದೆ ಎಂದು ಹೇಳಿ, ಕೊನೆಗೆ ಒಂದು ಮಾತು ಕೇಳಿದ್ದರು. ಐರಿಸ್ ಯಾವ ಊರಿಗೆ ಹೋದಳು?

ನನಗೆ ಅದು ಅರ್ಥವೇ ಆಗಲಿಲ್ಲ. ಹೋದಳು ಅಂತ ಬರೆದಿದ್ದೀನಲ್ಲ, ಯಾವ ಊರಾದರೇನು ಅನ್ನಿಸಿತ್ತು.

ನನ್ನ ಹತ್ತಿರ ಕಾರಣಗಳಿದ್ದವು. ನನ್ನಂಥ ಸಾವಿರಾರು ಜನರ ಹತ್ತಿರ ಅವೇ ಕಾರಣಗಳಿದ್ದವು. ಮೊದಲನೆಯದು, ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಅಣ್ಣ ತಂಗಿಯ ಹಾಗೆ ಕಾಣುತ್ತಾರೆ. ಈಗ ಯೋಚಿಸಿದರೆ, ಬಾಲ್ಯದಿಂದ ಒಟ್ಟಿಗೇ ಬೆಳೆದು ಪ್ರೀತಿಸುವ ಕಥೆಗಳನ್ನು ನಾನು ಎಷ್ಟು ಓದಿಲ್ಲ, ಎಷ್ಟು ಸಿನಿಮಾ ನೋಡಿಲ್ಲ! ಎಲ್ಲಿಯೂ ಈ ಮಾತು ಬಂದಿರಲಿಲ್ಲ. ಎರಡನೆಯದು, ಐರಿಸ್‌ಗೆ ಏನೂ ಗೊತ್ತಾಗುವುದಿಲ್ಲ, ಪೆದ್ದಿ. ಮೊದಲ ಸೀಸನ್‌ನಲ್ಲಿ ಬ್ಯಾರಿಯ ಗುಟ್ಟು ಅವಳ ಅಪ್ಪನಿಗೆ ಗೊತ್ತು, ಲ್ಯಾಬ್‌ನವರಿಗೆಲ್ಲ ಗೊತ್ತು, ಕೊನೆಗೆ ಅವಳ ಗೆಳೆಯನಿಗೂ ಗೊತ್ತು. ಅವಳಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡವನು ಅವಳ ಅಪ್ಪನೇ. ಸುಳ್ಳು ಹೇಳಿದ ಗಂಡಸರ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಸುಳ್ಳಿಗೆ ಬಲಿಯಾದವಳ ಮೇಲೆ ಬಂತು. ಅವಳು ಗುಟ್ಟು ತಿಳಿದು ಕೋಪ ಮಾಡಿಕೊಂಡಾಗ ಜಂಬದವಳು ಅಂದೆವು.

ಮೂರನೆಯದು ಎಲ್ಲರೂ ಜಾಸ್ತಿ ಹೇಳುತ್ತಿದ್ದದ್ದು. ಸರಣಿಗೆ ಮೂಲವಾದ ಕಾಮಿಕ್ಸ್‌ನಲ್ಲಿ ಐರಿಸ್ ಹೀಗಿಲ್ಲ. ನಿಜ. 1956ರಲ್ಲಿ ಮೊದಲ ಸಲ ಬಂದ ಐರಿಸ್ ವೆಸ್ಟ್ ಬಿಳಿಯ ಹುಡುಗಿ. ಆದರೆ ಅದೇ ಕಾಮಿಕ್ಸ್‌ನಲ್ಲಿ ಬ್ಯಾರಿಯ ಹೆಂಡತಿ ಯಾರು? ಐರಿಸ್. 1966ರಲ್ಲಿ ಅವರ ಮದುವೆಯೂ ಆಗಿದೆ. ಹಳೆಯ ಪುಸ್ತಕಕ್ಕೆ ನಿಷ್ಠೆ ಅನ್ನುತ್ತಿದ್ದ ನಾವು, ಆ ಪುಸ್ತಕದಲ್ಲಿ ಅವನ ಹೆಂಡತಿಯೇ ಅಲ್ಲದ ಕೇಟ್ಲಿನ್‌ಳನ್ನು ಅವನಿಗೆ ಕಟ್ಟಲು ಹೊರಟಿದ್ದೆವು. ಸರಣಿಯವರು ಮೊದಲ ಸೀಸನ್‌ನಲ್ಲೇ ಭವಿಷ್ಯದ ಒಂದು ಪತ್ರಿಕೆಯನ್ನು ತೋರಿಸಿದರು. ವರದಿ ಬರೆದವರ ಹೆಸರು ಐರಿಸ್ ವೆಸ್ಟ್-ಆಲೆನ್ ಅಂತ ಅದರಲ್ಲಿ ಅಚ್ಚಾಗಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೂ ನಾವು ವಾದ ಮಾಡುತ್ತಲೇ ಇದ್ದೆವು.

ಇದೆಲ್ಲ ಸೋತ ಮೇಲೆ ಉಳಿಯುವ ಕೊನೆಯ ಮಾತು ಕೆಮಿಸ್ಟ್ರಿ. ಇಬ್ಬರ ನಡುವೆ ಕೆಮಿಸ್ಟ್ರಿ ಇಲ್ಲ. ಇದಕ್ಕೆ ಯಾರೂ ಉತ್ತರ ಕೊಡಲು ಆಗುವುದಿಲ್ಲ, ಅಲ್ವಾ?

ಆ ಮಾತು ನನಗೆ ಹೊಸದಾಗಿ ಕೇಳಿಸಿದ್ದು ನನ್ನ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಅರಸೀಕೆರೆಯಲ್ಲಿ ಟೀಚರ್ ಆಗಿದ್ದವರು. ಮದುವೆಯಾಗಲಿಲ್ಲ. ಕಪ್ಪು ಬಣ್ಣ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎನ್ನುವ ಮಾತನ್ನು ಅವರ ಬಗ್ಗೆ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ‘ದ್ದರೂ’ ಎಷ್ಟು ಭಾರದ್ದು ಅಂತ ಆಗ ಗೊತ್ತಿರಲಿಲ್ಲ. ಒಂದು ಸಂಜೆ ಅವರೇ ಹೇಳಿದರು. ಏಳು ಜನ ನೋಡಿಕೊಂಡು ಹೋದರಂತೆ. ಒಬ್ಬರೂ ಬಣ್ಣದ ಮಾತೆತ್ತಲಿಲ್ಲ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನಗುನಗುತ್ತಾ ಹೋದರು. ಆಮೇಲೆ ಹೇಳಿ ಕಳಿಸಿದರು. ಜಾತಕ ಕೂಡಿಬರಲಿಲ್ಲ. ‘ಜಾತಕ ಕೂಡಿದ ಮೇಲೇ ಅಲ್ವೇನೇ ಅವರು ನೋಡೋಕೆ ಬಂದಿದ್ದು’ ಅಂದರು ದೊಡ್ಡಮ್ಮ. ಅಷ್ಟು ಹೇಳಿ ಎದ್ದು ಒಳಗೆ ಹೋದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೆಮಿಸ್ಟ್ರಿ ಇಲ್ಲ ಅಂದವಳು ನಾನೇ ಅಲ್ವಾ?

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ನನ್ನ ದೊಡ್ಡಮ್ಮನಿಗೆ ಆಗಿದ್ದು ಮತ್ತು ಅಮೆರಿಕದ ಕಪ್ಪು ಹೆಣ್ಣಿಗೆ ಆಗಿದ್ದು ಒಂದೇ ಅಲ್ಲ. ಅಲ್ಲಿ ಮನುಷ್ಯರನ್ನು ಸಂತೆಯಲ್ಲಿ ಮಾರಿದ ಚರಿತ್ರೆ ಇದೆ. ಗುಲಾಮ ಹೆಣ್ಣಿನ ಮೈ ಅವಳದಾಗಿರಲಿಲ್ಲ, ಹೆತ್ತ ಮಗು ಅವಳದಾಗಿರಲಿಲ್ಲ. ಆ ಕಾಲ ಮುಗಿದ ಮೇಲೆ ಸಿನಿಮಾ ಬಂತು. ಸಿನಿಮಾ ಅವಳಿಗೆ ಕೊಟ್ಟಿದ್ದು ಅಡುಗೆಯವಳ ಪಾತ್ರ, ಬಿಳಿಯರ ಮಕ್ಕಳನ್ನು ಸಾಕುವ ದಪ್ಪ ಮೈಯ, ಸದಾ ನಗುವ ಆಯಾಳ ಪಾತ್ರ. ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಗೆದ್ದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವ್ಯಕ್ತಿ ಅವರು. ಗೆದ್ದದ್ದು ಅಂಥ ಒಂದು ಸೇವಕಿಯ ಪಾತ್ರಕ್ಕೆ. ಅದೇ ಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೆದಾಗ ಅವರು ಹೋಗುವ ಹಾಗಿರಲಿಲ್ಲ. ಪ್ರಶಸ್ತಿಯ ರಾತ್ರಿ ಕೂಡ ಚಿತ್ರದ ಉಳಿದ ಕಲಾವಿದರ ಜೊತೆ ಅವರನ್ನು ಕೂರಿಸಲಿಲ್ಲ. ಗೋಡೆಯ ಪಕ್ಕದಲ್ಲಿ ಬೇರೆ ಮೇಜು ಹಾಕಿದ್ದರು.

ಆ ಮೇಜು ಈಗಲೂ ಇದೆ ಅಂತ ನನಗೆ ಅನ್ನಿಸುತ್ತದೆ. ಅದನ್ನು ಹಾಕುವವರು ಕೆಲವೊಮ್ಮೆ ಅಭಿಮಾನಿಗಳೇ.

2012ರಲ್ಲಿ ‘ದಿ ಹಂಗರ್ ಗೇಮ್ಸ್’ ಸಿನಿಮಾ ಬಂತು. ಅದರಲ್ಲಿ ರೂ ಎಂಬ ಪುಟ್ಟ ಹುಡುಗಿ ಸಾಯುತ್ತಾಳೆ. ಪುಸ್ತಕ ಓದಿದವರೆಲ್ಲ ಅಲ್ಲಿ ಅತ್ತಿದ್ದರು. ಸಿನಿಮಾದಲ್ಲಿ ರೂ ಆಗಿದ್ದು ಅಮಾಂಡ್ಲಾ ಸ್ಟೆನ್‌ಬರ್ಗ್, ಆಗ 13 ವರ್ಷದ ಕಪ್ಪು ಹುಡುಗಿ. ರೂ ಕಪ್ಪಗಿರಬಾರದಿತ್ತು ಎಂದು ಓದುಗರೇ ಟ್ವಿಟರ್‌ನಲ್ಲಿ ಬರೆದರು. ಅವಳು ಕಪ್ಪು ಅಂತ ಗೊತ್ತಾದ ಮೇಲೆ ಸಾವು ಅಷ್ಟು ದುಃಖ ತರಲಿಲ್ಲ ಎಂದು ಒಬ್ಬರು ಬರೆದರು. ಪುಸ್ತಕ ತೆಗೆದು ನೋಡಿದರೆ, ರೂ ಬರುವ ಕಡೆಯೇ ಅವಳ ಚರ್ಮವೂ ಕಣ್ಣೂ ದಟ್ಟ ಕಂದು ಬಣ್ಣ ಎಂದಿದೆ. ಅವರು ಆ ಸಾಲನ್ನು ಓದಿದ್ದರು. ಓದುತ್ತಲೇ ಮನಸ್ಸಿನಲ್ಲಿ ಅವಳಿಗೆ ಬೇರೆ ಬಣ್ಣ ಬಳಿದಿದ್ದರು. ಮಗು ಮುಗ್ಧವಾಗಿದ್ದರೆ, ಪ್ರೀತಿ ಉಕ್ಕಿದರೆ, ಅದು ಬಿಳಿಯ ಮಗುವೇ ಇರಬೇಕು ಎಂದು ಮನಸ್ಸು ತಾನಾಗಿ ತೀರ್ಮಾನ ಮಾಡಿಬಿಟ್ಟಿತ್ತು. ಇದನ್ನು ಬರೆದವರಲ್ಲಿ ಎಷ್ಟೋ ಜನ ತಾವೂ ಹದಿಹರೆಯದ ಮಕ್ಕಳೇ ಇದ್ದರು. ಅದನ್ನು ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ.

ಅಭಿಮಾನಿಗಳನ್ನು ದೇವರು ಅಂತ ಕರೆದ ನಟನ ನಾಡು ನಮ್ಮದು. ಅಭಿಮಾನ ಎಂದರೆ ನಮಗೆ ಬರೀ ಮೆಚ್ಚುಗೆ ಅಲ್ಲ, ಹಕ್ಕು. ನಮ್ಮವನು, ನಮ್ಮವಳು ಅನ್ನುವ ಹಕ್ಕು. ಅಮೆರಿಕದ, ಬ್ರಿಟನ್ನಿನ ಅಭಿಮಾನಿಗಳಲ್ಲೂ ಅದೇ ಹಕ್ಕು ಇದೆ. ಯಾರು ನಮ್ಮವರು ಅನ್ನುವುದನ್ನು ಚರ್ಮ ನೋಡಿ ತೀರ್ಮಾನಿಸಿದಾಗ ಏನಾಗುತ್ತದೆ ಅನ್ನುವುದನ್ನು ಆ ನಟಿಯರೇ ಹೇಳಿದ್ದಾರೆ. ಐರಿಸ್ ಆಗಿದ್ದ ಕ್ಯಾಂಡಿಸ್ ಪ್ಯಾಟನ್ 2022ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಮಾತಾಡಿದರು. ಎರಡನೆಯ ಸೀಸನ್ ಹೊತ್ತಿಗೇ ಸರಣಿ ಬಿಟ್ಟು ಹೋಗೋಣ ಅನ್ನಿಸಿತ್ತಂತೆ. ನಿಂದನೆ ಬರುತ್ತದೆ ಎಂದು ಗೊತ್ತಿದ್ದೂ ಕಾಪಾಡುವ ಏರ್ಪಾಡು ಮಾಡಿದವರಿಲ್ಲ ಎಂದರು. ಅದನ್ನು ಕೇಳುವಾಗ ನಾನು ಲೆಕ್ಕ ಹಾಕಿದೆ. ಎರಡನೆಯ ಸೀಸನ್ ಶುರುವಾದದ್ದು 2015ರಲ್ಲಿ. ನಾನು ಹೊದಿಕೆಯೊಳಗೆ ಕೂತು ಅವಳನ್ನು ಬೇರೆ ಊರಿಗೆ ಕಳಿಸುತ್ತಿದ್ದ ವರ್ಷ.

ನಾನು ಅವರಿಗೆ ಒಂದು ಕೆಟ್ಟ ಮಾತೂ ಬರೆದಿರಲಿಲ್ಲ. ಬೈದವರು ಬೇರೆಯವರು. ಆದರೆ ಬೈದವರು ಬೇಕು ಅಂದದ್ದೂ, ನಾನು ಬೇಕು ಅಂದದ್ದೂ ಒಂದೇ. ಅವಳು ಅಲ್ಲಿಂದ ಹೋಗಬೇಕು ಅಷ್ಟೇ. ಅವರು ಕೂಗಿ ಹೇಳಿದರು, ನಾನು ಚಂದದ ಭಾಷೆಯಲ್ಲಿ ಹೇಳಿದೆ.

ಹೋಗು ಅಂತ ಹೇಳುವುದಕ್ಕೆ ಇನ್ನೂ ಒಂದು ದಾರಿ ಇದೆ. ಅದು ಹೊಗಳಿಕೆ. ‘ಅವಳಿಗೆ ಯಾವ ಗಂಡೂ ಬೇಕಿಲ್ಲ, ಅವಳು ಗಟ್ಟಿಗಿತ್ತಿ.’

‘ಡಾಕ್ಟರ್ ಹೂ’ ಸರಣಿಯಲ್ಲಿ 2007ರಲ್ಲಿ ಮಾರ್ಥಾ ಜೋನ್ಸ್ ಬಂದಳು. ಪಾತ್ರ ಮಾಡಿದ್ದು ಫ್ರೀಮಾ ಅಜಿಮನ್. ಡಾಕ್ಟರ್ ಎಂದರೆ ಆ ಸರಣಿಯ ನಾಯಕ, ಕಾಲದಲ್ಲಿ ಪಯಣಿಸುವವನು. ಟಿವಿಯಲ್ಲಿ ಅವನ ಜೊತೆ ಪಯಣಿಸಿದ ಮೊದಲ ಕಪ್ಪು ಹೆಣ್ಣು ಮಾರ್ಥಾ. ಮೆಡಿಕಲ್ ಓದುತ್ತಿದ್ದವಳು. ಅವಳು ಡಾಕ್ಟರ್‌ನನ್ನು ಪ್ರೀತಿಸುತ್ತಾಳೆ, ಅವನು ಮಾತ್ರ ಹಿಂದಿನ ಗೆಳತಿ ರೋಸ್‌ಳ ನೆನಪಿನಲ್ಲೇ ಇರುತ್ತಾನೆ. ಒಂದು ಕಥೆಯಲ್ಲಿ ಅವರು 1913ರ ಇಂಗ್ಲೆಂಡಿಗೆ ಹೋಗುತ್ತಾರೆ. ಅಲ್ಲಿ ಅವನು ಮೇಷ್ಟ್ರು, ಅವಳು ಅದೇ ಶಾಲೆಯ ಕೆಲಸದವಳು. ನೆಲ ಒರೆಸುತ್ತಾಳೆ, ಹುಡುಗರಿಂದ ಬಣ್ಣದ ಮಾತು ಕೇಳಿಸಿಕೊಳ್ಳುತ್ತಾಳೆ. ಸೀಸನ್ ಕೊನೆಯಲ್ಲಿ ಅವಳು ಇಡೀ ವರ್ಷ ಒಬ್ಬಳೇ ಭೂಮಿಯ ಮೇಲೆ ನಡೆದು ನಡೆದು ಜಗತ್ತನ್ನು ಉಳಿಸುತ್ತಾಳೆ. ಇಷ್ಟೆಲ್ಲ ಮಾಡಿದ ಮೇಲೂ ಅವಳ ಮೇಲಿನ ದೂರು ಒಂದೇ, ಅವಳು ರೋಸ್ ಅಲ್ಲ. ಅವಳ ಪರವಾಗಿ ಮಾತಾಡುವವರೂ ಅವಳೆಷ್ಟು ಗಟ್ಟಿ, ಹೇಗೆ ತಾನಾಗಿಯೇ ಎದ್ದು ಹೊರಟಳು ಅಂತ ಹೊಗಳುತ್ತಾರೆ. ನನಗೂ ಆ ಕೊನೆಯ ದೃಶ್ಯ ಇಷ್ಟ. ಆದರೆ ಕಪ್ಪು ಹೆಣ್ಣುಮಗಳಿಗೇ ಯಾಕೆ ಮತ್ತೆ ಮತ್ತೆ ಗಟ್ಟಿತನ ಬರುತ್ತದೆ, ಪ್ರೀತಿ ಯಾಕೆ ಬರುವುದಿಲ್ಲ? ನನ್ನ ದೊಡ್ಡಮ್ಮನನ್ನೂ ಊರವರು ಗಟ್ಟಿಗಿತ್ತಿ ಅನ್ನುತ್ತಾರೆ. ಯಾವತ್ತಾದರೂ ಯಾರಾದರೂ ಅವರಿಗೆ, ನೀವು ಕೂತ್ಕೊಳ್ಳಿ, ನಾನು ಕಾಫಿ ಮಾಡ್ತೀನಿ ಅಂದಿದ್ದು ನಾನು ನೋಡಿಲ್ಲ.

2009ರ ‘ಸ್ಟಾರ್ ಟ್ರೆಕ್’ ಸಿನಿಮಾದಲ್ಲಿ ಅಂತರಿಕ್ಷ ನೌಕೆಯ ಕಪ್ಪು ಅಧಿಕಾರಿ ಉಹುರಾ ಮತ್ತು ಅದೇ ನೌಕೆಯ ಸ್ಪಾಕ್ ಪ್ರೇಮಿಗಳು. ಅದು ಬಂದಾಗ ಕೆಲವು ಹಳೆಯ ಅಭಿಮಾನಿಗಳಿಗೆ ಬೇಸರ. ಸ್ವತಂತ್ರ ಹೆಣ್ಣನ್ನು ಬರೀ ಯಾರದೋ ಗೆಳತಿ ಮಾಡಿಬಿಟ್ಟರು ಅಂತ. ಮೇಲ್ನೋಟಕ್ಕೆ ಇದು ಹೆಣ್ಣಿನ ಪರವಾದ ಮಾತೇ. ಅಟ್ಲಾಂಟಾದ ಅಕ್ಕ ಇದನ್ನು ನನಗೆ ಬಿಡಿಸಿ ಹೇಳಿದರು. ಬಿಳಿಯ ಹೆಣ್ಣನ್ನು ಎಲ್ಲ ಕಥೆಗಳಲ್ಲೂ ಯಾರಾದರೂ ಪ್ರೀತಿಸಿಯೇ ಇದ್ದಾರೆ, ಅವಳಿಗೆ ಪ್ರೀತಿಯಿಂದ ಬಿಡುಗಡೆ ಬೇಕಾಗಿರಬಹುದು. ನಮ್ಮನ್ನು ಯಾರೂ ಆರಿಸಿಕೊಂಡೇ ಇರಲಿಲ್ಲ. ನಾಯಕ ನಮ್ಮಂಥ ಒಬ್ಬಳನ್ನು ಪ್ರೀತಿಸಿದ್ದನ್ನು ಥಿಯೇಟರ್‌ನಲ್ಲಿ ನೋಡಿದಾಗ ನಾನು ಅತ್ತೆ, ಅಂದರು. ಬಿಡುಗಡೆ ಅನ್ನುವುದು ಎಲ್ಲರಿಗೂ ಒಂದೇ ಆಕಾರದಲ್ಲಿ ಬರುವುದಿಲ್ಲ ಅಂತ ನನಗೆ ಯಾರೂ ಮೊದಲು ಹೇಳಿರಲಿಲ್ಲ.

ಉಹುರಾ ಅಂದ ಮೇಲೆ ನಿಶೆಲ್ ನಿಕೋಲ್ಸ್ ಬಗ್ಗೆ ಹೇಳದೆ ಇರಲಾರೆ. 1966ರಲ್ಲಿ ಶುರುವಾದ ಮೂಲ ಸರಣಿಯಲ್ಲಿ ಉಹುರಾ ಆಗಿದ್ದವರು ಅವರು. ಕಪ್ಪು ಹೆಣ್ಣೊಬ್ಬಳು ಅಂತರಿಕ್ಷ ನೌಕೆಯ ಅಧಿಕಾರಿ. ಪಾತ್ರಕ್ಕೆ ಮಾತು ಕಡಿಮೆ. ಟಿವಿಯಲ್ಲಿ ಅವಳಿಗೆ ಮೊದಲ ಹೆಸರನ್ನೂ ಕೊಟ್ಟಿರಲಿಲ್ಲ. ಅಭಿಮಾನಿಗಳು ತನಗೆ ಬರೆದ ಪತ್ರಗಳನ್ನು ತನಗೆ ತಲುಪಿಸುತ್ತಿರಲಿಲ್ಲ ಎಂದು ನಿಕೋಲ್ಸ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಪ್ರೀತಿ ಇತ್ತು. ಜನ ಕಾಗದ ತೆಗೆದು, ಬರೆದು, ಅಂಚೆಗೆ ಹಾಕಿದ್ದರು. ಅದನ್ನು ಯಾರೋ ಒಂದು ಕೋಣೆಯಲ್ಲಿ ಇಟ್ಟುಕೊಂಡರು.

ಮೊದಲ ಸೀಸನ್ ಮುಗಿದಾಗ ಅವರು ಬಿಟ್ಟು ಹೋಗಲು ತೀರ್ಮಾನಿಸಿದರು. ಅದೇ ಹೊತ್ತಿಗೆ ಒಂದು ಸಮಾರಂಭದಲ್ಲಿ ಯಾರೋ ಬಂದು, ನಿಮ್ಮ ದೊಡ್ಡ ಅಭಿಮಾನಿಯೊಬ್ಬರು ಭೇಟಿಯಾಗಬೇಕಂತೆ ಅಂದರು. ತಿರುಗಿ ನೋಡಿದರೆ ಮಾರ್ಟಿನ್ ಲೂಥರ್ ಕಿಂಗ್. ನೀವು ಬಿಡುವ ಹಾಗಿಲ್ಲ ಎಂದರು ಕಿಂಗ್. ನಮ್ಮನ್ನು ಹೇಗೆ ನೋಡಬೇಕೋ ಹಾಗೆ ಜಗತ್ತು ಮೊದಲ ಸಲ ನೋಡುತ್ತಿದೆ ಎಂದರು. ತಾವೂ ಹೆಂಡತಿ ಕೊರೆಟ್ಟಾ ಅವರೂ ಮಕ್ಕಳಿಗೆ ರಾತ್ರಿ ಎಚ್ಚರವಿದ್ದು ನೋಡಲು ಬಿಡುವ ಕಾರ್ಯಕ್ರಮ ಇದೊಂದೇ ಎಂದರು. ನಿಕೋಲ್ಸ್ ಉಳಿದುಕೊಂಡರು. ಮುಂದೆ 1977ರಲ್ಲಿ ನಾಸಾ ಪರವಾಗಿ ಊರೂರು ಸುತ್ತಿ, ಗಗನಯಾತ್ರಿ ಆಗಲು ಅರ್ಜಿ ಹಾಕಿ ಎಂದು ಹೆಂಗಸರನ್ನೂ ಕಪ್ಪು ಜನರನ್ನೂ ಕರೆದರು. 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ಉಹುರಾಳನ್ನು ನೋಡಿ ಬೆಳೆದವರು. ಕಿಂಗ್ ಅಂದು ಆಡಿದ್ದೂ ಅಭಿಮಾನಿಯ ಮಾತೇ. ಅಭಿಮಾನಿ ಎಂದರೆ ಇರು ಅಂತ ಹೇಳುವವನೂ ಆಗಬಹುದು.

ಇದೆಲ್ಲ ಹಳೆಯದಾಯಿತು, ಈಗ ಕಾಲ ಬದಲಾಗಿದೆ ಅನ್ನುವವರಿಗೆ ಕೆಲವು ಹೆಸರುಗಳನ್ನಷ್ಟೇ ಹೇಳುತ್ತೇನೆ. 2016ರಲ್ಲಿ ‘ಸ್ಲೀಪಿ ಹಾಲೋ’ ಸರಣಿಯವರು ಇಬ್ಬರು ಮುಖ್ಯ ಪಾತ್ರಗಳಲ್ಲಿ ಒಬ್ಬಳಾದ ಆ್ಯಬಿ ಮಿಲ್ಸ್‌ಳನ್ನೇ ಸಾಯಿಸಿ, ಬಿಳಿಯ ನಾಯಕನನ್ನು ಮುಂದಕ್ಕೆ ಕಳಿಸಿದರು. 2022ರಲ್ಲಿ ‘ಸ್ಟಾರ್ ವಾರ್ಸ್’ ಸರಣಿಯೊಂದರಲ್ಲಿ ನಟಿಸಿದ ಕಪ್ಪು ನಟಿ ಮೋಸೆಸ್ ಇಂಗ್ರಮ್ ತನಗೆ ಬಂದ ಬೈಗುಳಗಳನ್ನು ಜನರ ಮುಂದೆ ಇಟ್ಟರು. ಅದೇ ವರ್ಷ ಪರ್ಸಿ ಜಾಕ್ಸನ್ ಸರಣಿಗೆ ಆಯ್ಕೆಯಾದ ಲೀಯಾ ಜೆಫ್ರೀಸ್‌ಗೆ ಬರೀ 12 ವರ್ಷ. ಆ ಮಗುವಿನ ಮೇಲೂ ಮುಗಿಬಿದ್ದರು. ಕೊನೆಗೆ ಕಾದಂಬರಿ ಬರೆದವರೇ ಆಕೆಯ ಪರ ನಿಂತು ಬರೆಯಬೇಕಾಯಿತು. 2024ರಲ್ಲಿ ಲಂಡನ್ನಿನ ರಂಗದ ಮೇಲೆ ಜೂಲಿಯೆಟ್ ಆಗಲಿದ್ದ ಫ್ರಾನ್ಸೆಸ್ಕಾ ಅಮೆವುಡಾ-ರಿವರ್ಸ್‌ಗೆ ಎಷ್ಟು ನಿಂದನೆ ಬಂತೆಂದರೆ, ಅವರ ಬೆಂಬಲಕ್ಕೆ ನೂರಾರು ಕಪ್ಪು ಕಲಾವಿದೆಯರು ಸೇರಿ ಬಹಿರಂಗ ಪತ್ರ ಬರೆದರು. ರೋಮಿಯೋ ಪ್ರೀತಿಸುವ ಹುಡುಗಿ ಜೂಲಿಯೆಟ್. ಮತ್ತೆ ಅದೇ ಜಾಗ, ಪ್ರೀತಿಸಲ್ಪಡುವವಳ ಜಾಗ.

ಇದು ಅವರ ದೇಶದ ಜಗಳ, ನಮಗೇನು ಅಂತ ನನ್ನ ರೂಮ್‌ಮೇಟ್ ಒಮ್ಮೆ ಕೇಳಿದ್ದಳು. ಈ ಅಭಿಮಾನಿ ಲೋಕದ ಬಿಳಿತನದ ಬಗ್ಗೆ 2018ರಲ್ಲಿ ಇಡೀ ಒಂದು ಪುಸ್ತಕ ಬರೆದ ರುಕ್ಮಿಣಿ ಪಾಂಡೆ ಭಾರತದವರು. ನಾವೂ ಆ ಲೋಕದಲ್ಲಿ ಇದ್ದೇವೆ, ಓದುತ್ತೇವೆ, ಬರೆಯುತ್ತೇವೆ, ಬೈಯುತ್ತೇವೆ ಕೂಡ. ಅದಕ್ಕಿಂತ ಹತ್ತಿರದ್ದೂ ಒಂದಿದೆ. 2016ರ ಜನವರಿ 31ರ ರಾತ್ರಿ, ನಾನು ಆ ಕಥೆಯ ಕೊನೆಯ ಅಧ್ಯಾಯಗಳನ್ನು ಬರೆಯುತ್ತಿದ್ದ ದಿನಗಳಲ್ಲೇ, ಹೆಸರಘಟ್ಟದ ಕಡೆ ಒಂದು ಗುಂಪು ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಹಲ್ಲೆ ಮಾಡಿತು. ಬಟ್ಟೆ ಹರಿಯಿತು. ಅವಳು ಬಂದ ಕಾರಿಗೆ ಬೆಂಕಿ ಹಚ್ಚಿತು. ಅದಕ್ಕೆ ಸ್ವಲ್ಪ ಮುಂಚೆ ಅಲ್ಲಿ ಒಂದು ಅಪಘಾತವಾಗಿ ಹೆಂಗಸೊಬ್ಬರು ತೀರಿಕೊಂಡಿದ್ದರು. ಆ ಕಾರು ಓಡಿಸಿದವನು ಸುಡಾನಿನ ವಿದ್ಯಾರ್ಥಿ. ಈ ಹುಡುಗಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಬಣ್ಣ ಒಂದನ್ನು ಬಿಟ್ಟರೆ. ಇದು ಜನಾಂಗೀಯ ದಾಳಿ ಅಲ್ಲ ಎಂದು ಆಗಿನ ಗೃಹ ಸಚಿವರು ಹೇಳಿದರು. ನಾನು ಸುದ್ದಿ ಓದಿದೆ, ಬೇಜಾರು ಮಾಡಿಕೊಂಡೆ. ಆಮೇಲೆ ಲ್ಯಾಪ್‌ಟಾಪ್ ತೆರೆದು ಬ್ಯಾರಿ ಮತ್ತು ಕೇಟ್ಲಿನ್ ಮದುವೆಯ ಊಟದ ದೃಶ್ಯ ಬರೆದೆ. ಎರಡಕ್ಕೂ ನಂಟು ಇದೆ ಅಂತ ಹೊಳೆಯಲಿಲ್ಲ. ಮನಸ್ಸಿನಲ್ಲಿ ಕಪ್ಪು ಹೆಣ್ಣನ್ನು ಅಳಿಸುವುದು ನನಗೆ ಅಷ್ಟು ಸಲೀಸಾಗಿತ್ತು.

ಸರಣಿ 2023ರಲ್ಲಿ ಮುಗಿಯಿತು. ಒಂಬತ್ತು ಸೀಸನ್. ಕ್ಯಾಂಡಿಸ್ ಪ್ಯಾಟನ್ ಕೊನೆಯವರೆಗೂ ಇದ್ದರು. ಬ್ಯಾರಿ, ಐರಿಸ್ ಮದುವೆಯಾದರು. ಕೊನೆಯ ಸಂಚಿಕೆ ಬಂದ ದಿನ ಅಟ್ಲಾಂಟಾದ ಅಕ್ಕನಿಗೆ ನಾನು ಮೆಸೇಜ್ ಮಾಡಿದೆ. ಎಂಟು ವರ್ಷದ ಹಿಂದೆ ಕೇಳಿದ್ದಿರಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಕ್ಷಮಿಸಿ ಅಂತ. ನೈಟ್ ಡ್ಯೂಟಿ ಮುಗಿಸಿ ಬಂದು ಅವರು ಉತ್ತರ ಬರೆದರು. ಪ್ರಶ್ನೆ ಇನ್ನೂ ಹಾಗೇ ಇದೆ, ಬರೆಯಬಹುದಲ್ಲ ಅಂದರು.

ಹಳೆಯ ಫೈಲ್ ತೆರೆದೆ. ಹದಿನಾಲ್ಕು ಅಧ್ಯಾಯಗಳಲ್ಲಿ ಆ ಸಾಲನ್ನು ಹುಡುಕಲು ತುಂಬ ಹೊತ್ತು ಬೇಕಾಯಿತು. ಮೂರನೆಯ ಅಧ್ಯಾಯದ ನಡುವೆ, ಕೇಟ್ಲಿನ್ ಕಾಫಿ ತರುವ ದೃಶ್ಯಕ್ಕೆ ಮೊದಲು ಇತ್ತು. ಊರಿನ ಹೆಸರಿಲ್ಲ. ಪತ್ರಿಕೆಯ ಹೆಸರಿಲ್ಲ. ಅವಳು ಏನು ಉಟ್ಟಿದ್ದಳು, ಪೆಟ್ಟಿಗೆ ಯಾರು ಹಿಡಿದರು, ಹೋಗುವಾಗ ಅಪ್ಪನ ಕಡೆ ತಿರುಗಿ ನೋಡಿದಳಾ, ಒಂದೂ ಇಲ್ಲ. ಆ ಸಾಲಿನ ಕೆಳಗೆ ಕರ್ಸರ್ ಇಟ್ಟು, ರೈಲ್ವೆ ಸ್ಟೇಷನ್ನಿನಿಂದ ಶುರುಮಾಡಿದೆ.